ಬಾಣ ಮೇಲಕ್ಕಿದ್ದ ಕನ್ನಡಿ

ನನಗೆ ಯಾವ ವರ್ಷ ಯಾವ ಹುದ್ದೆ ದೊರೆಯಿತು, ಯಾವ ವರ್ಷ ದೊರೆಯಬೇಕಾದದ್ದು ದೊರೆಯಲಿಲ್ಲ ಎಂಬುದನ್ನು ತಿಳಿಯಬಯಸುವವರು ಸಂಸ್ಥೆಯ ಸಿಬ್ಬಂದಿ ವಿಭಾಗದ ಕಡತಗಳನ್ನು ತೆಗೆಸಿ ನೋಡಬಹುದು. ಅವನ್ನು ಗೆದ್ದಲು ತಿನ್ನದೆ ಉಳಿಸಿದ್ದರೆ, ಬರೆದವರಿಗೆ ನಿಜ ಬರೆಯುವ ಅಭ್ಯಾಸವೂ ಇದ್ದಿದ್ದರೆ, ಅಲ್ಲಿ ಏನಾದರೂ ಸಿಕ್ಕೀತು. ನಾನು ಇಲ್ಲಿ ಬರೆಯಹೊರಟಿರುವುದು ಬೇರೆ. ಮಸೂರ, ಕನ್ನಡಿಗಳ ಪ್ರಯೋಗಶಾಲೆಗಳಿಗೆ ಹೊಸದಾಗಿ ಸೇರಿದ ತರುಣ ತರುಣಿಯರು ಕೆಲವೊಮ್ಮೆ ನನ್ನನ್ನು ಕಾಣಲು ಬರುತ್ತಾರೆ. ಗಾಜಿನ ಮೇಲ್ಮೈಯ ಏರುತಗ್ಗುಗಳನ್ನು ಬಣ್ಣಬಣ್ಣದ ಚಿತ್ರವಾಗಿ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿ, "ಈಗ ಎಲ್ಲ ಎಷ್ಟು ಸುಲಭ ಅಲ್ಲವೇ ಸರ್" ಎನ್ನುತ್ತಾರೆ. ಸುಲಭವಾಗಿರುವುದು ನೋಡುವುದು ಮಾತ್ರ. ನೋಡಿದ್ದು ಯಾರ ತಪ್ಪು ಎಂದು ಆ ಪರದೆ ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಕನ್ನಡಿ ಪರೀಕ್ಷಿಸಲು ಬಳಸುತ್ತಿದ್ದ ದೀಪ ಮತ್ತು ಬ್ಲೇಡಿನ ಅಂಚು ಕೂಡ ಹೇಳುತ್ತಿರಲಿಲ್ಲ.

ಬರೆಯುವಾಗ ನನ್ನ ಮೇಜಿನ ಮೇಲೆ ಹತ್ತೊಂಬತ್ತು ದಿನಚರಿ ಪುಸ್ತಕಗಳಿವೆ. ಪ್ರತಿದಿನದ ಉಷ್ಣತೆ, ಗಾಳಿಯ ತೇವ, ಗಾಜನ್ನು ಎಷ್ಟು ಹೊತ್ತು ಉಜ್ಜಲಾಯಿತು, ಎಷ್ಟು ತಿದ್ದುಪಡಿಯಾಯಿತು ಎಂಬುದೆಲ್ಲ ಎಡಪುಟದಲ್ಲಿದೆ. ಯಾರು ನನಗೆ ಏನೆಂದರು ಎಂಬುದು ಬಲಪುಟದಲ್ಲಿದೆ. ಆದ್ದರಿಂದ "ಹಾಗೇನೂ ಆಗಿರಲಿಲ್ಲ" ಎಂದು ಹೇಳಲು ಯಾರೂ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ತೊಂಬತ್ತರ ದಶಕದ ಬಹುಭಾಗವನ್ನು ನಾನು ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯ ದೃಗುಪಕರಣಗಳ, ಅಂದರೆ ಮಸೂರ ಕನ್ನಡಿಗಳ, ವಿಭಾಗದಲ್ಲಿ ಕಳೆದೆ. ವಿಭಾಗದ ಮುಖ್ಯಸ್ಥರು ಡಾ. ಕುಲಕರ್ಣಿ, ಧಾರವಾಡದ ಕಡೆಯವರು. ನಾನು ಮೈಸೂರಿನವನು. ಪರಊರಿನಲ್ಲಿ ಇಬ್ಬರು ಕನ್ನಡಿಗರು ಒಂದೇ ವಿಭಾಗದಲ್ಲಿದ್ದರೆ ಪರಸ್ಪರ ಆಸರೆಯಾಗುತ್ತಾರೆಂದು ಊರಿನಲ್ಲಿರುವವರು ನಂಬುತ್ತಾರೆ. ನಂಬಲಿ. ಕುಲಕರ್ಣಿಯವರು ಗಾಜನ್ನು ಮುಟ್ಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿಸಲವೂ ಅದು ನೀರು ಕುಡಿಯುವ ಲೋಟದ ರೂಪದಲ್ಲಿತ್ತು. ಉಳಿದಂತೆ ಅವರ ವಿಜ್ಞಾನವೆಲ್ಲ ದೂರವಾಣಿಯಲ್ಲಿ ನಡೆಯುತ್ತಿತ್ತು.

ವಿದ್ಯಾರ್ಥಿಗಳಿಗಾಗಿ ಗುಡ್ಡದ ಮೇಲೊಂದು ವೀಕ್ಷಣಾಲಯ ಕಟ್ಟಬೇಕು, ಅದರ ದೂರದರ್ಶಕಕ್ಕೆ ಅರವತ್ತು ಸೆಂಟಿಮೀಟರ್ ಅಗಲದ ಕನ್ನಡಿಯನ್ನು ನಮ್ಮಲ್ಲೇ ತಯಾರಿಸಬೇಕು ಎಂದು ತೀರ್ಮಾನವಾದಾಗ, ಅದನ್ನು ಉಜ್ಜಿ ನುಣುಪು ಮಾಡಬಲ್ಲ ಕೈ ವಿಭಾಗದಲ್ಲಿ ಇರಲಿಲ್ಲ. ನಾನೇ ಹುಡುಕಿ ಕರೆತಂದವನು ಶಿವನ್‌ಕುಟ್ಟಿ. ಚಾಲೈ ಬೀದಿಯ ಕನ್ನಡಕದಂಗಡಿಯೊಂದರಲ್ಲಿ ಹದಿನೆಂಟು ವರ್ಷ ಮಸೂರ ತೀಡಿದ್ದವನು, ನಲವತ್ತರ ಅಂಚಿನವನು, ಎರಡು ಹೆಣ್ಣುಮಕ್ಕಳ ತಂದೆ. ಅವನನ್ನು ದಿನಗೂಲಿಯ ಮೇಲೆ ತೆಗೆದುಕೊಂಡರು. ಕನ್ನಡಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಖಾಯಂ ನೌಕರಿ ಎಂದು ಕುಲಕರ್ಣಿಯವರು ನನ್ನೆದುರಿಗೇ ಮಾತು ಕೊಟ್ಟರು. ಸರ್ಕಾರಿ ನೇಮಕದ ವಯೋಮಿತಿಗೆ ಅವನಿಗೆ ಉಳಿದಿದ್ದದ್ದು ಎರಡೇ ವರ್ಷ. ಅಂಗಡಿಯ ಕೆಲಸ ಬಿಟ್ಟು ಬಂದ ಆ ಮನುಷ್ಯನ ಮುಂದಿನ ಬದುಕೆಲ್ಲ ಒಂದು ಗಾಜಿನ ಬಿಲ್ಲೆಯ ಮೇಲೆ ನಿಂತಿತ್ತು ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಏನು ಹೇಳಿದರೂ ಅವನ ಉತ್ತರ ಒಂದೇ: "ಶರಿ ಸಾರ್."

ಗಾಜಿನ ಒರಟು ಅರೆತ ನಡೆಯುತ್ತಿದ್ದಾಗ ನನ್ನನ್ನು ಎರ್ನಾಕುಲಂನ ಒಂದು ಚಿತ್ರಮಂದಿರಕ್ಕೆ ಕಳುಹಿಸಲಾಯಿತು. ಅಲ್ಲಿ ಧ್ವನಿ ಮಸುಕಾಗಿ ಕೇಳಿಸುತ್ತದೆಂದು ಮಾಲೀಕರು ಯಾರ ಮೂಲಕವೋ ಕುಲಕರ್ಣಿಯವರಿಗೆ ಹೇಳಿಸಿದ್ದರು. ಕುಲಕರ್ಣಿಯವರು ನನ್ನನ್ನು ಕೋಣೆಗೆ ಕರೆದು, ಇನ್ನೂ ಮೂವರು ಕುಳಿತಿರುವಾಗ, "ಶ್ರೀಕಂಠಯ್ಯನವರ, ಎರ್ನಾಕುಲಂಗ ಹೋಗಿ ಒಂದ ಸಿನೆಮಾ ನೋಡಿಕೊಂಡ ಬರ್ರಿ. ನಿಮ್ಮ ಮಾರಿ ಮ್ಯಾಲೂ ಒಂದೀಟ ನಗಿ ಬರಲಿ" ಎಂದರು. ಮೂವರೂ ನಕ್ಕರು. ಮೂವರ ಹೆಸರೂ ಹದಿನಾಲ್ಕನೆಯ ಪುಸ್ತಕದಲ್ಲಿದೆ.

ಇಂದಿನವರಿಗಾಗಿ ಹೇಳಬೇಕು: ಆಗಿನ ಸಿನೆಮಾ ಸುರುಳಿಯ ಒಂದು ಅಂಚಿನಲ್ಲಿ ಧ್ವನಿಯು ಅಂಕುಡೊಂಕಾದ ಬಿಳಿಯ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ದೀಪದ ಬೆಳಕನ್ನು ಕೂದಲಿಗಿಂತ ತೆಳುವಾದ ಗೆರೆಯಾಗಿಸಿ ಆ ಪಟ್ಟಿಯ ಮೇಲೆ ಬಿಟ್ಟರೆ, ಆಚೆಗೆ ದಾಟಿದ ಬೆಳಕಿನ ಏರಿಳಿತವೇ ಧ್ವನಿಯಾಗುತ್ತಿತ್ತು. ಅಂದರೆ ಜನ ಸಿನೆಮಾದಲ್ಲಿ ಕೇಳುತ್ತಿದ್ದ ಹಾಡು ಕೂಡ ಒಂದು ಮಸೂರದ ಕೆಲಸ. ಬೆಳಕಿನ ಗೆರೆ ತುಸು ಓರೆಯಾದರೂ ಸೂಕ್ಷ್ಮವಾದ ಸದ್ದುಗಳೆಲ್ಲ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಈ ಸರಳ ಸಂಗತಿ ಗೊತ್ತಿಲ್ಲದ ಮಾಲೀಕರು ಮೊದಲಿಗಿಂತ ದೊಡ್ಡ ಸ್ಪೀಕರುಗಳನ್ನು ತರಿಸಿ ಗೋಡೆಯುದ್ದಕ್ಕೂ ನಿಲ್ಲಿಸಿದ್ದರು.

ಪ್ರೊಜೆಕ್ಟರ್ ನಡೆಸುತ್ತಿದ್ದವನು ಮಂಜೇಶ್ವರದ ಕಡೆಯ ಮೋನಪ್ಪ. ಇಪ್ಪತ್ತು ವರ್ಷಗಳಿಂದ ಮಟ್ಟಾಂಚೇರಿಯಲ್ಲಿ ಮನೆ ಮಾಡಿಕೊಂಡು, ದಿನವೂ ದೋಣಿಯಲ್ಲಿ ಬಂದುಹೋಗುತ್ತಿದ್ದ. ನಾನು ಕನ್ನಡದವನೆಂದು ತಿಳಿದದ್ದೇ ಸ್ಟೂಲು ಒರೆಸಿ ಕೂರಿಸಿದ.

"ಮಾಲೀಕರಿಗೆ ನಾನು ಹೇಳಿದ್ದೆ ಸಾರ್. ಕೇಳ್ಬೇಕಲ್ಲ? ಸ್ಪೀಕರ್ ತಂದ್ರು. ಮೊದಲು ಹೀರೋ ಗಂಟಲಿಗೆ ಕಂಬಳಿ ಸುತ್ತಿಕೊಂಡು ಮಾತಾಡಿದ ಹಾಗೆ ಕೇಳ್ತಿತ್ತು. ಈಗಲೂ ಹಾಗೆಯೇ ಕೇಳ್ತದೆ, ಆದ್ರೆ ಭಾರೀ ಜೋರಾಗಿ!"

ನಾನು ಒಂದೇ ಎತ್ತರದ ಕೀರಲು ಧ್ವನಿ ಮುದ್ರಿಸಿದ ಸುರುಳಿಯ ತುಂಡೊಂದನ್ನು ಬಳೆಯಂತೆ ಅಂಟಿಸಿ, ನಿಲ್ಲದೆ ಸುತ್ತುವಂತೆ ಮಾಡಿದೆ. ಬೆಳಕಿನ ಗೆರೆಯನ್ನು ಕೂದಲೆಳೆಯಷ್ಟು ತಿರುಗಿಸಬಲ್ಲ ಒಂದು ತಿರುಪಿನ ಹಿಡಿಕೆಯನ್ನು ನಮ್ಮ ಕಾರ್ಯಾಗಾರದಲ್ಲೇ ಮಾಡಿಸಿ ತಂದಿದ್ದೆ. ಧ್ವನಿಮಾಪಕದ ಮುಳ್ಳು ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ಬಿಗಿದುಬಿಡುವುದು, ಇಷ್ಟೇ ವಿಧಾನ. ಬೆಳಗಿನ ಆಟಕ್ಕೆ ಮುನ್ನ ಕೆಲಸ ಮುಗಿಯಿತು. ಮೊದಲ ಹಾಡು ಬಂದಾಗ ಮೋನಪ್ಪ ಗೋಡೆಯ ಕಿಂಡಿಗೆ ಕಿವಿಯಿಟ್ಟು ನಿಂತ.

"ಗೆಜ್ಜೆ ಇತ್ತಾ ಸಾರ್ ಈ ಹಾಡಿನಲ್ಲಿ? ಐವತ್ತು ದಿನ ಓಡಿಸಿದ್ದೇನೆ, ನನಗೇ ಗೊತ್ತಿರ್ಲಿಲ್ಲ ಮಾರಾಯ್ರೇ!"

ನನ್ನ ಇಡೀ ವೃತ್ತಿಜೀವನದಲ್ಲಿ ಸಿಕ್ಕ ಪ್ರಶಂಸಾಪತ್ರ ಅದೊಂದೇ. ಮುಂದೆ ಆ ಹಿಡಿಕೆಯನ್ನು ಎರ್ನಾಕುಲಂನ ಇನ್ನೂ ನಾಲ್ಕು ಚಿತ್ರಮಂದಿರಗಳವರು ಮಾಡಿಸಿಕೊಂಡರು. ಸಂಸ್ಥೆಯ ಪತ್ರಿಕೆಯಲ್ಲಿ ಅದರ ಸಚಿತ್ರ ವರದಿ ಬಂದಿತು. ಚಿತ್ರದಲ್ಲಿ ಕುಲಕರ್ಣಿಯವರು ಹಿಡಿಕೆಯನ್ನು ಕೈಯಲ್ಲಿ ಹಿಡಿದು ನಗುತ್ತಿದ್ದರು, ತಲೆಕೆಳಗಾಗಿ. ಹಿಡಿಕೆ ತಲೆಕೆಳಗಾಗಿ ಎಂದು ನನ್ನ ಅರ್ಥ. ಕೆಳಗಿನ ಸಾಲಿನಲ್ಲಿ "ಡಾ. ಕುಲಕರ್ಣಿ ಮತ್ತು ಅವರ ಸಹಾಯಕರು ರೂಪಿಸಿದ ಸಾಧನ" ಎಂದಿತ್ತು. ಸಹಾಯಕರಿಗೆ ಹೆಸರಿರಲಿಲ್ಲ. ತಿದ್ದುಪಡಿ ಕೋರಿ ನಾನು ಬರೆದ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ. ಪತ್ರದ ಪ್ರತಿ ನನ್ನ ಬಳಿ ಇದೆ.

ಕನ್ನಡಿಯ ಕೆಲಸಕ್ಕೆ ಮೋನಪ್ಪನ ಉಪಕಾರವೂ ಸಂದಿದೆ. ಗಾಜನ್ನು ನುಣುಪು ಮಾಡುವ ಹಲಗೆಗೆ ಪಿಚ್ ಎಂಬ ಕಪ್ಪು ಅಂಟನ್ನು ಕರಗಿಸಿ ಹೊಯ್ಯುತ್ತಾರೆ. ಅದು ಒತ್ತಿದರೆ ಮಣಿಯಬೇಕು, ಬಿಟ್ಟರೆ ಹರಿಯಬಾರದು. ನಮ್ಮಲ್ಲಿದ್ದ ಕೈಪಿಡಿ ಚಳಿದೇಶದ್ದು. ಅದರ ಪಾಕದಂತೆ ತಯಾರಿಸಿದ ಪಿಚ್ ತಿರುವನಂತಪುರದ ಮೇ ತಿಂಗಳಲ್ಲಿ ಬೆಲ್ಲದ ಪಾಕದಂತೆ ಇಳಿದು, ಕನ್ನಡಿಯ ಅಂಚನ್ನೆಲ್ಲ ತಿಂದುಹಾಕಿತು. ಕುಲಕರ್ಣಿಯವರ ಪರಿಹಾರ ಕೋಣೆಗೆ ಹವಾನಿಯಂತ್ರಕ ಹಾಕಿಸುವುದಾಗಿತ್ತು. ಅದು ವಾರಕ್ಕೆ ಮೂರು ದಿನ ಕೆಟ್ಟು, ಗಾಜನ್ನು ಒಮ್ಮೆ ಚಳಿಯಲ್ಲಿ ಒಮ್ಮೆ ಸೆಕೆಯಲ್ಲಿ ಇಡುತ್ತಿತ್ತು. ಪಿಚ್ಚನ್ನು ಗಡುಸು ಮಾಡಲು ಒಳ್ಳೆಯ ರಾಳ ಬೇಕೆಂದು ನಾನು ಮೋನಪ್ಪನಿಗೆ ಹೇಳಿದೆ. ಅವನು ನನ್ನನ್ನು ದೋಣಿ ಹತ್ತಿಸಿ ಮಟ್ಟಾಂಚೇರಿಗೆ ಕರೆದೊಯ್ದು, ಮೆಣಸು, ಒಣಶುಂಠಿಗಳ ಗೋದಾಮುಗಳ ನಡುವೆ ಒಂದು ಕತ್ತಲೆಯ ಅಂಗಡಿಗೆ ನುಗ್ಗಿಸಿದ.

"ಇದು ದೇವರಿಗೆ ಹಾಕುವ ಧೂಪ ಅಲ್ಲ ಸಾರ್, ದೋಣಿಯ ಸಂದಿಗೆ ಮೆತ್ತುವುದು. ಈ ಸೆಕೆಯಲ್ಲಿ ದೋಣಿ ತೇಲುವುದೇ ಇದರಲ್ಲಿ. ನಿಮ್ಮ ಕನ್ನಡಿ ಎಂತ, ಮುಳುಗ್ತದಾ?"

ಆ ರಾಳವನ್ನು ತಂದು ಸ್ವಲ್ಪಸ್ವಲ್ಪವೇ ಬೆರೆಸುತ್ತ, ಹೆಬ್ಬೆರಳಿನ ಉಗುರು ಒತ್ತಿ, ಗುರುತು ಮೂಡಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆದೆ. ಶಿವನ್‌ಕುಟ್ಟಿ ಒಂದು ಚೂರನ್ನು ಬಾಯಿಗೆ ಹಾಕಿ, ಮುಂದಿನ ಹಲ್ಲಿನಿಂದ ಮೆಲ್ಲಗೆ ಕಚ್ಚಿ, "ಇನ್ನೊಂದು ಚಿಟಿಕೆ ಬೇಕು ಸಾರ್" ಎಂದ. ನನಗೆ ಅಸಹ್ಯವಾಯಿತು. ಪ್ರಯೋಗಶಾಲೆಯಲ್ಲಿ ತಿನ್ನುವ ಪದ್ಧತಿಯಿಲ್ಲ ಎಂದು ಗದರಿದೆ. ಆದರೆ ನನ್ನ ಗಡಿಯಾರವೂ ಇನ್ನೊಂದು ಚಿಟಿಕೆಯನ್ನೇ ಕೇಳಿತು. ಎಡಪುಟದಲ್ಲಿ ಆ ದಿನ ಸೆಕೆಂಡುಗಳ ಪಟ್ಟಿ ಮಾತ್ರ ಇದೆ. ಹಲ್ಲಿನ ಪ್ರಸ್ತಾಪವಿಲ್ಲ.

ಈಗ ಬಾಣದ ವಿಷಯ. ಇಂಥ ಕನ್ನಡಿಯನ್ನು ಪರೀಕ್ಷಿಸುವಾಗ ಅದನ್ನು ಒಂದು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎದುರಿನಿಂದ ಸೂಜಿಮೊನೆಯಷ್ಟು ಬೆಳಕು ಬಿಟ್ಟು, ಮರಳಿ ಬಂದ ಬಿಂಬವನ್ನು ನೋಡುತ್ತೇವೆ. ಬಿಂಬ ಚುಕ್ಕಿಯಾಗಿಯೇ ಇದ್ದರೆ ಸರಿ. ಕನ್ನಡಿ ಒಂದು ದಿಕ್ಕಿಗೆ ಹೆಚ್ಚು, ಅದರ ಅಡ್ಡದಿಕ್ಕಿಗೆ ಕಡಿಮೆ ಬಾಗಿದ್ದರೆ ಚುಕ್ಕಿ ಎಳೆದಂತಾಗಿ ಗೆರೆಯಾಗುತ್ತದೆ. ಅನೇಕರ ಕಣ್ಣಿಗೂ ಇದೇ ದೋಷವಿದ್ದು ಕನ್ನಡಕ ಹಾಕುತ್ತಾರೆ. ನನ್ನ ಅಳತೆಗಳನ್ನು ತಿಂಗಳಿಂದ ತಿಂಗಳಿಗೆ ಹೋಲಿಸಲು ಬರಬೇಕಾದರೆ ಕನ್ನಡಿ ಪ್ರತಿಸಲವೂ ಒಂದೇ ಭಂಗಿಯಲ್ಲಿ ನಿಂತಿರಬೇಕು. ಆದ್ದರಿಂದ ಅದರ ಬೆನ್ನಿನ ಮೇಲೆ ವಜ್ರದ ಮೊನೆಯಿಂದ ಒಂದು ಬಾಣವನ್ನು ಕೊರೆದು, ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರಗಳನ್ನೂ ಕೊರೆದೆ. ಗೋಡೆಗೆ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಒಂದು ಸೂಚನೆ ಅಂಟಿಸಿದೆ: ಬಾಣ ಸದಾ ಮೇಲಕ್ಕಿರಬೇಕು. ವಿಭಾಗದಲ್ಲಿ ಅಷ್ಟು ಶಿಸ್ತಿನ ವಿಧಾನ ಇನ್ನೊಂದಿರಲಿಲ್ಲವೆಂದು ನಾನು ಹೆಮ್ಮೆಪಟ್ಟೆ.

ಮೊದಲ ಪರೀಕ್ಷೆಯಲ್ಲೇ ಚುಕ್ಕಿ ತುಸು ಎಳೆದುಕೊಂಡಿತ್ತು. ನಾನು ಲೆಕ್ಕ ಹಾಕಿ, ಎಲ್ಲೆಲ್ಲಿ ಎಷ್ಟು ಹೊತ್ತು ಹೆಚ್ಚಾಗಿ ಉಜ್ಜಬೇಕೆಂದು ನಕ್ಷೆ ಬರೆದುಕೊಟ್ಟೆ. ಶಿವನ್‌ಕುಟ್ಟಿ ನಕ್ಷೆಯಂತೆ ಉಜ್ಜಿದ. ಮಳೆಗಾಲವೆಲ್ಲ ಹೀಗೆ ಕಳೆದು, ಕೊನೆಗೆ ಸ್ಟ್ಯಾಂಡಿನ ಮೇಲಿನ ಚುಕ್ಕಿ ಸಂಪೂರ್ಣ ಗುಂಡಗಾಯಿತು. ನಾನು ಸಿಹಿ ತರಿಸಿದೆ.

ಕನ್ನಡಿಯನ್ನು ದೂರದರ್ಶಕದ ಕೊಳವೆಯೊಳಗೆ ಕೂರಿಸಿ ಹಗಲಿನಲ್ಲೇ ಒಂದು ಪರೀಕ್ಷೆ ಏರ್ಪಡಿಸಿದೆವು. ದೂರದ ನೀರಿನ ಟ್ಯಾಂಕಿನ ಮೇಲೆ ಉಕ್ಕಿನ ಗುಂಡೊಂದನ್ನು ಇಟ್ಟರೆ, ಬಿಸಿಲಿನಲ್ಲಿ ಅದರ ಹೊಳಪು ನಕ್ಷತ್ರದಂತೆಯೇ ಒಂದು ಬಿಂದುವಾಗಿ ಕಾಣುತ್ತದೆ. ಕುಲಕರ್ಣಿಯವರು ನಾಲ್ಕಾರು ಅತಿಥಿಗಳನ್ನು ಕರೆತಂದಿದ್ದರು. ತಾವೇ ಮೊದಲು ಕಣ್ಣಿಟ್ಟರು. ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಏನ್ರೀ ಶ್ರೀಕಂಠಯ್ಯನವರ, ಅಲ್ಲಿ ಗುಂಡ ಇಟ್ಟೀರೋ, ಕಡ್ಡಿ ಇಟ್ಟೀರೋ?"

ನಾನು ನೋಡಿದೆ. ಹೊಳಪು ಒಂದು ಕಡ್ಡಿಯಂತೆ ಉದ್ದವಾಗಿತ್ತು. ನನ್ನ ಸ್ಟ್ಯಾಂಡಿನ ಮೇಲೆ ನಿರ್ದೋಷಿಯಾಗಿದ್ದ ಕನ್ನಡಿ ಕೊಳವೆಯೊಳಗೆ ಹೀಗೆ ಮಾಡಿತೆಂದರೆ, ಕೊನೆಯ ಪರೀಕ್ಷೆಯ ನಂತರ ಅದನ್ನು ಮುಟ್ಟಿದವನೇ ಕೆಡಿಸಿರಬೇಕು. ಕೊನೆಯದಾಗಿ ಮುಟ್ಟಿದವನು ಶಿವನ್‌ಕುಟ್ಟಿ. ಹೊಳಪು ಕೊಡಲು ಅರ್ಧ ದಿನ ಉಜ್ಜಿದ್ದ. ಅತಿಥಿಗಳು ಕಾಫಿ ಕುಡಿದು ಹೋಗುವಷ್ಟರಲ್ಲಿ ನಾನು ಎರಡು ಪುಟದ ಟಿಪ್ಪಣಿ ಬರೆದು ಮುಗಿಸಿದ್ದೆ. "ಕೆಲಸಗಾರನ ಬಲಗೈಯ ಒತ್ತಡ ಎಡಗೈಗಿಂತ ಹೆಚ್ಚಿದ್ದು, ಸೂಚನೆಗಳ ಹೊರತಾಗಿಯೂ ಆತ ಅದನ್ನು ತಿದ್ದಿಕೊಂಡಿಲ್ಲ" ಎಂಬ ವಾಕ್ಯ ಅದರಲ್ಲಿದೆ. ನನ್ನ ಅತ್ಯಂತ ಸ್ಪಷ್ಟವಾದ ವಾಕ್ಯಗಳಲ್ಲಿ ಅದೂ ಒಂದು. ಅದು ಶುದ್ಧ ಸುಳ್ಳೆಂಬುದು ನನಗಾಗ ತಿಳಿದಿರಲಿಲ್ಲ, ತಿಳಿಯುವ ಆತುರವೂ ಇರಲಿಲ್ಲ.

ಕುಲಕರ್ಣಿಯವರಿಗೆ ಟಿಪ್ಪಣಿ ಹಬ್ಬದೂಟವಾಯಿತು. ಸೋಮವಾರದಿಂದ ಶಿವನ್‌ಕುಟ್ಟಿ ಬರಬೇಕಾಗಿಲ್ಲ ಎಂದು ಆದೇಶ ಹೊರಟಿತು. ಅದೇ ವಾರ, ಕನ್ನಡಿಯನ್ನು ಹೊರದೇಶದಿಂದ ತರಿಸಬೇಕು, ಅದನ್ನು ಪರಿಶೀಲಿಸಲು ಮುಖ್ಯಸ್ಥರು ಅಲ್ಲಿಗೆ ಪ್ರಯಾಣ ಮಾಡಬೇಕು ಎಂಬ ಪ್ರಸ್ತಾವವೂ ಸಿದ್ಧವಾಯಿತು. ಅಷ್ಟು ವೇಗವಾಗಿ ಅವರು ಇನ್ನೇನನ್ನೂ ಬರೆದದ್ದಿಲ್ಲ. ಶಿವನ್‌ಕುಟ್ಟಿಗೆ ನಾನೇ ವಿಷಯ ತಿಳಿಸಿದೆ. "ಶರಿ ಸಾರ್" ಎಂದ. ಕೈ ತೊಳೆದು, ಮೇಲಂಗಿಯನ್ನು ಮೊಳೆಗೆ ತಗುಲಿಸಿ, ಉಜ್ಜುವ ಹಲಗೆಯ ಮೇಲೆ ಹೇರುತ್ತಿದ್ದ ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟು ಹೋದ.

ಎರಡು ವಾರದ ಮೇಲೆ ಎರ್ನಾಕುಲಂನಿಂದ ಮತ್ತೆ ಕರೆ ಬಂದಿತು. ಈ ಸಲ ಧ್ವನಿಯದಲ್ಲ, ಚಿತ್ರದ ದೂರು. ಪರದೆಯ ಎಡಮೂಲೆ ಮಬ್ಬಾಗಿ ಬೀಳುತ್ತಿತ್ತು. ಮಾಲೀಕರು ಹೊಸ ಲೆನ್ಸ್ ತರಿಸುವ ಮುನ್ನ ನನ್ನ ಅಭಿಪ್ರಾಯ ಕೇಳಿದ್ದರು. ನಾನು ಲೆನ್ಸನ್ನು ಕಳಚಿ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಬೇಕೆಂದು ವಿವರಿಸುತ್ತಿರುವಾಗಲೇ ಮೋನಪ್ಪ ಪ್ರೊಜೆಕ್ಟರಿನ ಬಳಿ ಹೋಗಿ, ಲೆನ್ಸಿನ ಹಿಡಿಯನ್ನು ಸಡಿಲಿಸಿ, ಅದನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿದ. ಮಬ್ಬು ಎಡಮೂಲೆಯಲ್ಲೇ ಉಳಿಯಿತು.

"ಕಂಡಿತಾ ಸಾರ್? ಲೆನ್ಸು ತಿರುಗಿತು, ಮಬ್ಬು ತಿರುಗ್ಲಿಲ್ಲ. ಅಂದ್ರೆ ಲೆನ್ಸು ಪಾಪದ್ದು. ಸುರುಳಿಯನ್ನು ಹಿಡಿದುಕೊಳ್ತದಲ್ಲ, ಈ ಗೇಟು, ಇದು ಓರೆ. ಲೆನ್ಸಿನ ತಪ್ಪಾದ್ರೆ ಮಬ್ಬು ಅದರೊಟ್ಟಿಗೇ ತಿರುಗ್ಬೇಕಲ್ವಾ?" ಆಮೇಲೆ ನಾಚಿಕೊಂಡು, "ನಿಮಗೆ ಗೊತ್ತುಂಟಲ್ಲ, ನಿಮಗೆಂತ ಹೇಳುವುದು ನಾನು" ಎಂದ.

"ಗೊತ್ತು" ಎಂದೆ.

ಹದಿನಾಲ್ಕು ತಿಂಗಳಲ್ಲಿ ನಾನು ನನ್ನ ಕನ್ನಡಿಯನ್ನು ಒಮ್ಮೆಯಾದರೂ ತಿರುಗಿಸಿ ನೋಡಿರಲಿಲ್ಲ. ನೋಡಬಾರದೆಂದು ಗೋಡೆಗೆ ಬರೆದು ಅಂಟಿಸಿದ್ದೆ.

ಮರುದಿನ ಬೆಳಿಗ್ಗೆ ಇಬ್ಬರು ಅಟೆಂಡರುಗಳ ಕೈಯಲ್ಲಿ ಕನ್ನಡಿಯನ್ನು ಕೊಳವೆಯಿಂದ ತೆಗೆಸಿ ಸ್ಟ್ಯಾಂಡಿಗೆ ತಂದೆ. ಬಾಣ ಮೇಲಕ್ಕಿದ್ದಾಗ ಚುಕ್ಕಿ ಗುಂಡಗಿತ್ತು. ಕಾಲು ಸುತ್ತು ತಿರುಗಿಸಿದೆ. ಚುಕ್ಕಿ ಕಡ್ಡಿಯಾಯಿತು, ಆರಂಭದಲ್ಲಿ ನಾನು ಕಂಡಿದ್ದ ದೋಷಕ್ಕಿಂತ ಸರಿಯಾಗಿ ಎರಡರಷ್ಟು. ಅರ್ಥ ಸ್ಪಷ್ಟ. ನನ್ನ ಸ್ಟ್ಯಾಂಡಿನಲ್ಲಿ ಕನ್ನಡಿ ಕೆಳಗಿನ ಎರಡು ಗೂಟಗಳ ಮೇಲೆ ನಿಲ್ಲುತ್ತಿತ್ತು. ಅದರದೇ ಭಾರಕ್ಕೆ ಗಾಜು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಬಾಗುತ್ತಿತ್ತು. ಶಿವನ್‌ಕುಟ್ಟಿ ಮೊದಲು ತಂದಿಟ್ಟ ಗಾಜು ನಿರ್ದೋಷವಾಗಿತ್ತು. ಸ್ಟ್ಯಾಂಡಿನ ಬಾಗನ್ನು ಗಾಜಿನ ದೋಷವೆಂದು ಬಗೆದು, ಅದಕ್ಕೆ ವಿರುದ್ಧವಾದ ದೋಷವನ್ನು ಒಂದು ಮಳೆಗಾಲವಿಡೀ ನಕ್ಷೆ ಬರೆದು ಬರೆದು ಆ ಗಾಜಿನೊಳಗೆ ಉಜ್ಜಿಸಿದವನು ನಾನು. ಬಾಣ ಮೇಲಕ್ಕಿದ್ದಾಗ ಒಂದನ್ನೊಂದು ಅಳಿಸುತ್ತಿದ್ದ ಎರಡು ಬಾಗುಗಳು, ತಿರುಗಿಸಿದಾಗ ಒಂದಕ್ಕೊಂದು ಕೂಡಿಕೊಂಡಿದ್ದವು. ಅವನ ಬಲಗೈ, ಎಡಗೈ ಎರಡೂ ನಾನು ಹೇಳಿದ್ದನ್ನೇ ಮಾಡಿದ್ದವು, ಅತ್ಯಂತ ನಿಖರವಾಗಿ.

ಟಿಪ್ಪಣಿಯನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದು ಕುಲಕರ್ಣಿಯವರ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದರು.

"ಅಂದ್ರ ತಪ್ಪು ನಿಮ್ದು?"

"ಸ್ಟ್ಯಾಂಡಿನದು. ಸ್ಟ್ಯಾಂಡ್ ನನ್ನದು."

"ಹುಚ್ಚರಿದ್ದೀರೇನ್ರಿ ನೀವು? ಒಬ್ಬ ದಿನಗೂಲಿ ಮನಷ್ಯಾ ಹೋದ, ಹೋದ. ಅಂವಗ ಚಾಲೈದಾಗ ಅಂಗಡಿ ಅದ. ವಿಜ್ಞಾನಿನೇ ತಪ್ಪ ಮಾಡ್ಯಾನ ಅಂತ ಕಾಗದದಾಗ ಬಂದ್ರ ವಿಭಾಗದ ಮಾನ ಎಲ್ಲಿ ಉಳೀತದ? ಹರದ ಒಗೀರಿ ಇದನ್ನ."

ಪತ್ರವನ್ನು ನನ್ನ ಕಡೆ ಸರಿಸಿದರು. ನಾನು ಅವರ ಕಡೆ ಸರಿಸಿದೆ. ಮೇಜಿನ ಮೇಲೆ ಅದು ಹೀಗೆ ಮೂರು ಸಲ ಓಡಾಡಿತು.

ಏಳು ವರ್ಷಗಳಲ್ಲಿ ಅವರ ಕೈಕೆಳಗೆ ನಾನು ಕಲಿತದ್ದೇನಾದರೂ ಇದ್ದರೆ ಅದು ಆ ದಿನ ಉಪಯೋಗಕ್ಕೆ ಬಂದಿತು. ವೀಕ್ಷಣಾಲಯದ ಉದ್ಘಾಟನೆಗೆ ಮಂತ್ರಿಗಳ ದಿನಾಂಕ ಗೊತ್ತಾಗಿತ್ತು, ಎಂಟು ತಿಂಗಳಿತ್ತು. ಹೊರದೇಶದ ಕನ್ನಡಿ ಬರಲು ಎರಡು ವರ್ಷ ಬೇಕಾಗಿತ್ತು. ಇರುವ ಕನ್ನಡಿಯನ್ನು ನಾಲ್ಕು ತಿಂಗಳಲ್ಲಿ ಸರಿಪಡಿಸಬಹುದೆಂದೂ, ಅದು ಶಿವನ್‌ಕುಟ್ಟಿಯ ಕೈಯಿಂದ ಮಾತ್ರ ಸಾಧ್ಯವೆಂದೂ, ಅಂಗೀಕಾರಪತ್ರಕ್ಕೆ ನಿಯಮದಂತೆ ನನ್ನ ಸಹಿ ಬೇಕೆಂದೂ ಹೇಳಿದೆ. ಅವನ ಖಾಯಂ ಆದೇಶ ಪಕ್ಕದಲ್ಲಿಲ್ಲದೆ ಆ ಸಹಿ ಬೀಳುವುದಿಲ್ಲವೆಂದೂ ಹೇಳಿದೆ.

"ಬೆದರಿಕೀ ಹಾಕ್ತೀರೇನು?"

"ಇಲ್ಲ. ನೀವು ಕೊಟ್ಟ ಮಾತನ್ನು ನೆನಪಿಸುತ್ತಿದ್ದೇನೆ. ದಿನಾಂಕ ಬೇಕಾದರೆ ಅದೂ ನನ್ನ ಬಳಿ ಇದೆ."

ಪತ್ರ ಅವರ ಕಡೆಯೇ ಉಳಿಯಿತು.

ಆ ಸಂಜೆಯೇ ಚಾಲೈಗೆ ಹೋದೆ. ಕಿರಿದಾದ ಅಂಗಡಿಯ ಬಾಗಿಲಲ್ಲೇ ಶಿವನ್‌ಕುಟ್ಟಿ ಸಾಣೆಕಲ್ಲಿನ ಮುಂದೆ ಕುಳಿತು ಮಸೂರವೊಂದರ ಅಂಚು ತೀಡುತ್ತಿದ್ದ. ನನ್ನನ್ನು ನೋಡಿದ, ಏಳಲಿಲ್ಲ. ನನ್ನನ್ನು ಕಂಡು ಅವನು ಏಳದೆ ಕುಳಿತದ್ದು ಅದೇ ಮೊದಲು. ನಮ್ಮ ಮಾತು ನಡೆದದ್ದು ಮಲಯಾಳದಲ್ಲಿ, ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಕೂತುಕೊಳ್ಳಿ ಸಾರ್. ಇದೊಂದು ಮುಗಿಸಿಬಿಡುತ್ತೇನೆ, ಪಾರ್ಟಿ ಕಾಯ್ತಿದ್ದಾರೆ."

ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. ನಾನು ಬಾಯಿ ತೆರೆಯುವ ಮುನ್ನವೇ ಅವನು ಮಸೂರದಿಂದ ಕಣ್ಣೆತ್ತದೆ ಕೇಳಿದ:

"ತಿರುಗಿಸಿ ನೋಡಿದಿರಾ ಸಾರ್?"

"ನಿನಗೆ ಹೇಗೆ ಗೊತ್ತು?" ಎಂದೆ.

ಅವನು ತೀಡಿದ ಮಸೂರವನ್ನು ಒರೆಸಿ, ಎದುರಿನ ಕಿಟಕಿಯ ಸರಳಿನ ಕಡೆ ಹಿಡಿದು, ಬೆರಳುಗಳಲ್ಲಿ ಮೆಲ್ಲಗೆ ತಿರುಗಿಸಿದ. "ಇದು ಈ ಅಮ್ಮನ ಲೆನ್ಸು. ಇಂಥ ಲೆನ್ಸನ್ನು ಹೀಗೆ ತಿರುಗಿಸದೆ ಈ ಬೀದಿಯಲ್ಲಿ ಯಾರೂ ನೋಡುವುದಿಲ್ಲ. ಸರಳು ಸೊಟ್ಟಗಾಗಿ ಇದರ ಜೊತೆಗೇ ತಿರುಗಿದರೆ ಲೆನ್ಸಿನಲ್ಲಿ ಇದೆ ಅಂತ ಅರ್ಥ. ಮಳೆಗಾಲದಲ್ಲಿ ಸಾರ್‌ಗೆ ಹೇಳಿದ್ದೆನಲ್ಲ, ಎರಡನೇ ನಕ್ಷೆ ಕೊಟ್ಟ ದಿನ? ಒಂದು ಸಲ ಬಾಣ ಅಡ್ಡ ಮಾಡಿ ನೋಡೋಣವಾ ಅಂತ."

"ನಾನೇನೆಂದೆ?"

"'ಬಾಣ ಬರೆದವನು ನಾನು. ನೀನು ಉಜ್ಜು' ಅಂದಿರಿ." ಅವನು ಮಸೂರವನ್ನು ಚೌಕಟ್ಟಿಗೆ ಕೂರಿಸಿದ. "ಆಗ ಸಾರ್‌ನ ಮಲಯಾಳಂ ಇಷ್ಟು ಚೆನ್ನಾಗಿರಲಿಲ್ಲ. ಆದರೂ ಅರ್ಥವಾಯಿತು."

ಮುದುಕಿ ನಕ್ಕಳು. ನಾನು ಪತ್ರದ ವಿಷಯ, ಕುಲಕರ್ಣಿಯವರ ವಿಷಯ, ಖಾಯಂ ಆದೇಶದ ವಿಷಯ ಎಲ್ಲವನ್ನೂ ಹೇಳಿದೆ. ತಪ್ಪಾಯಿತೆಂದೂ ಹೇಳಿದೆ; ಆ ಮಾತು ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ, ಆ ದಿನವೂ ಬರಲಿಲ್ಲ. ಅವನು ಮುದುಕಿಯ ಕಿವಿಗೆ ಕನ್ನಡಕ ಸಿಕ್ಕಿಸಿ, ಸರಿಯಾಗಿದೆಯೇ ಎಂದು ಕೇಳಿ, ಕಳುಹಿಸಿದ ಮೇಲೆ ನನ್ನ ಕಡೆ ತಿರುಗಿದ.

"ಬರುತ್ತೇನೆ ಸಾರ್. ಆದರೆ ಮೊದಲು ಆ ಬಾಣ ಅಳಿಸಬೇಕು. ನಾನೇ ಅಳಿಸುತ್ತೇನೆ."

"ಶರಿ" ಎಂದೆ.

ಮನೆಗೆ ಬಂದು ಆ ಮಳೆಗಾಲದ ಪುಸ್ತಕ ತೆಗೆದೆ. ಎರಡನೆಯ ನಕ್ಷೆ ಕೊಟ್ಟ ದಿನ ಸಿಕ್ಕಿತು. ಎಡಪುಟದಲ್ಲಿ ಉಷ್ಣತೆ, ತೇವ, ಉಜ್ಜಿದ ಅವಧಿ. ಬಲಪುಟದಲ್ಲಿ ಕುಲಕರ್ಣಿಯವರು ಮೊಗಸಾಲೆಯಲ್ಲಿ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಹೋದದ್ದು, ಗಂಟೆ ನಿಮಿಷಗಳ ಸಮೇತ. ಶಿವನ್‌ಕುಟ್ಟಿ ಕೇಳಿದ ಪ್ರಶ್ನೆ ಇಲ್ಲ. ನಾನು ಕೊಟ್ಟ ಉತ್ತರವೂ ಇಲ್ಲ. ಹಿಂದಿನ ವಾರ ನೋಡಿದೆ, ಮುಂದಿನ ವಾರ ನೋಡಿದೆ. ನನಗೆ ಆದ ಅವಮಾನಗಳೆಲ್ಲ ಇದ್ದವು. ಯಾರೋ ನನ್ನ ಕುರ್ಚಿಯನ್ನು ಕೇಳದೆ ಒಯ್ದದ್ದು ಕೂಡ ಇತ್ತು.

ಕನ್ನಡಿ ಮೂರೂವರೆ ತಿಂಗಳಲ್ಲಿ ಸರಿಹೋಯಿತು. ಗೂಟಗಳ ಬದಲು ಅಗಲವಾದ ಪಟ್ಟಿಯೊಂದರಲ್ಲಿ ಅದನ್ನು ಜೋಲಿಯಂತೆ ತೂಗಿ, ಪ್ರತಿ ಪರೀಕ್ಷೆಯಲ್ಲೂ ನಾಲ್ಕು ದಿಕ್ಕಿಗೆ ತಿರುಗಿಸಿ ನೋಡಿದೆವು. ಆದೇಶ ಬಂದ ಮೇಲೆ ಸಹಿ ಹಾಕಿದೆ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರೂ ಕುಲಕರ್ಣಿಯವರ ಹೆಸರೂ ಇವೆ, ನಮ್ಮಿಬ್ಬರದೂ ಇಲ್ಲ. ಇದನ್ನು ಹದಿನೇಳನೆಯ ಪುಸ್ತಕದಲ್ಲಿ ದಾಖಲಿಸಿದ್ದೇನೆ, ಮರೆತಿಲ್ಲ, ಮರೆಯುವುದೂ ಇಲ್ಲ.

ವಾಪಸು ಬಂದ ಮೊದಲ ದಿನ ಶಿವನ್‌ಕುಟ್ಟಿ ಕನ್ನಡಿಯನ್ನು ಬೋರಲು ಮಲಗಿಸಿ, ಬೆನ್ನಿನ ಮೇಲೆ ಎಮರಿ ಪುಡಿ ಚೆಲ್ಲಿ, ಎರಡೂ ಕೈಗಳ ಸಮನಾದ ಒತ್ತಡದಿಂದ ಬಾಣವನ್ನು ಅರೆದುಹಾಕಿದ. ಪಕ್ಕದಲ್ಲಿದ್ದ ನನ್ನ ಹೆಸರಿನ ಅಕ್ಷರಗಳೂ ಅದರೊಂದಿಗೆ ಹೋದವು. ನಾನು ನೀರು ಹಾಕುತ್ತ ನಿಂತಿದ್ದೆ. ಅಂಗೈಯಗಲದ ಒಂದು ಮಸುಕು ಕಲೆ ಅಲ್ಲಿ ಇನ್ನೂ ಇದೆ. ಹೊಸದಾಗಿ ಸೇರಿದವರು ಅದೇನೆಂದು ಕೇಳಿದರೆ ಅಲ್ಲಿ ಹೇಳುವವರು ಈಗ ಯಾರೂ ಉಳಿದಿಲ್ಲ. ಆ ದೂರದರ್ಶಕದಲ್ಲಿ ನನ್ನ ಹೆಸರಿರುವ ಜಾಗ ಅದು.